ಸೊನ್ನೆ ಬರುತ್ತಿದ್ದ ಕರೆಂಟ್ ಬಿಲ್ ಒಮ್ಮೆಲೇ 1,900 ಆದದ್ದು ಹೇಗೆ?

ಪ್ರಶ್ನೆ: ನಾವು ಬಯಲುಸೀಮೆಯ ಒಂದು ತಾಲ್ಲೂಕು ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು, ಯಜಮಾನರು, ಇಬ್ಬರು ಮಕ್ಕಳು, ಅತ್ತೆ. ಗೃಹಜ್ಯೋತಿ ಬಂದಾಗಿನಿಂದ ನಮ್ಮ ಬಿಲ್ ಸೊನ್ನೆ. 2025ರ ಏಪ್ರಿಲ್ ತಿಂಗಳ ಬಿಲ್ ಮಾತ್ರ 1,900 ರೂಪಾಯಿ ಹತ್ತಿರ ಬಂದಿದೆ. ಮೀಟರ್ ಜಂಪ್ ಆಗಿದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅತ್ತೆಗೆ ಸೆಕೆ ತಡೆಯೋಕೆ ಆಗಲ್ಲ ಅಂತ ಮಾರ್ಚ್ ಕೊನೆಗೆ ಒಂದು ಕೂಲರ್ ತಂದೆವು. ಅದು ಕರೆಂಟ್ ಏನೂ ಎಳೆಯಲ್ಲ ಅಂದಿದ್ದರು ಅಂಗಡಿಯವರು. ಈಗ ಹೆದರಿಕೊಂಡು ರಾತ್ರಿ ಎಂಟೂವರೆಗೇ ಲೈಟ್ ಆರಿಸುತ್ತಿದ್ದೇವೆ. ಗ್ಯಾಸ್ ಬೆಲೆಯೂ ಏರಿದೆ, ಇಂಡಕ್ಷನ್ ಒಲೆ ತಗೊಂಡರೆ ಉಳಿಯುತ್ತಾ? ಎರಡು ತಿಂಗಳ ಬಿಲ್ ಫೋಟೊ ಕಳಿಸಿದ್ದೇನೆ. ದಾರಿ ತೋರಿಸಿ. ನಮ್ಮ ಫ್ರಿಜ್ ಹದಿನಾಲ್ಕು ವರ್ಷದ್ದು. ಗೀಸರ್ ಬೆಳಗ್ಗೆ ಐದಕ್ಕೆ ಹಾಕಿ ಎಂಟಕ್ಕೆ ಆರಿಸುತ್ತೇವೆ.

ಉತ್ತರ: ಅಮ್ಮ, ಮೊದಲು ಒಂದು ಕೆಲಸ ಮಾಡಿ. ಇವತ್ತು ರಾತ್ರಿ ಮಕ್ಕಳು ಓದುವ ಕಡೆ ಲೈಟ್ ಹಾಕಿ. 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯುನಿಟ್ ಆಗುವುದಿಲ್ಲ. ಬಿಲ್ ಏರಿದ ಮನೆಗಳಲ್ಲೆಲ್ಲ ನಾನು ಇದನ್ನೇ ನೋಡಿದ್ದೇನೆ. ಕಣ್ಣಿಗೆ ಕಾಣುವುದು ಲೈಟ್, ಅದಕ್ಕೇ ಮೊದಲು ಅದನ್ನು ಆರಿಸುತ್ತಾರೆ. ಕರೆಂಟ್ ತಿನ್ನುವುದು ಬೇರೆಲ್ಲೋ ಸದ್ದಿಲ್ಲದೆ ನಡೆಯುತ್ತಿರುತ್ತದೆ. ನಾನು ಮೂವತ್ತು ವರ್ಷ ಮೀಟರ್‌ಗಳ ಜೊತೆಗೇ ಕೆಲಸ ಮಾಡಿದವನು. ಕತ್ತಲಲ್ಲಿ ಕೂತು ಬಿಲ್ ಇಳಿಸಿದ ಮನೆ ಒಂದನ್ನೂ ನೋಡಿಲ್ಲ.

ಈಗ ನಿಮ್ಮ ಬಿಲ್‌ಗೆ ಬರೋಣ. ಮಾರ್ಚ್ ಬಿಲ್ಲಿನಲ್ಲಿ 30 ದಿನಕ್ಕೆ 168 ಯುನಿಟ್. ಏಪ್ರಿಲ್ ಬಿಲ್ಲಿನಲ್ಲಿ 31 ದಿನಕ್ಕೆ 214 ಯುನಿಟ್. ಮಂಜೂರಾದ ಲೋಡ್, ಅಂದರೆ ಒಂದೇ ಹೊತ್ತಿಗೆ ಎಳೆಯಲು ನಿಮ್ಮ ಮನೆಗೆ ಒಪ್ಪಿಗೆಯಿರುವ ಕರೆಂಟ್, 3 ಕಿಲೋವ್ಯಾಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಸಿಗುವುದು 170 ಯುನಿಟ್.

ಈ 170 ಎಲ್ಲಿಂದ ಬಂತು ಅಂತ ಬಹಳ ಜನಕ್ಕೆ ಗೊತ್ತಿಲ್ಲ. 200 ಯುನಿಟ್‌ವರೆಗೆ ಎಲ್ಲರಿಗೂ ಫ್ರೀ ಅಂತಲೇ ಅಂದುಕೊಂಡಿರುತ್ತಾರೆ. ಹಾಗಲ್ಲ. 2022-23ರಲ್ಲಿ ಆ ಆರ್‌ಆರ್ ನಂಬರಿನ (ಬಿಲ್ ಮೇಲಿರುವ ಸಂಪರ್ಕ ಸಂಖ್ಯೆಯ) ಮೀಟರ್ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ಶೇ 10 ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಹಾಕಿದ್ದಾರೆ. ಸರಾಸರಿ 48 ಯುನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯುನಿಟ್ ಸೇರಿಸಬೇಕೆಂದು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಹಾಗಾಗಿ ಒಂದೇ ಬೀದಿಯಲ್ಲಿ ಒಬ್ಬರಿಗೆ 60, ಇನ್ನೊಬ್ಬರಿಗೆ 170.

ಅಂದರೆ ನಿಮ್ಮ ಮನೆಗೆ ಎರಡು ಗೆರೆಗಳಿವೆ. 170ರ ಒಳಗಿದ್ದರೆ ಸೊನ್ನೆ. 170 ದಾಟಿ 200ರ ಒಳಗಿದ್ದರೆ ಮೇಲಿನ ಯುನಿಟ್‌ಗಳಿಗೆ ಮಾತ್ರ ದುಡ್ಡು. 200 ದಾಟಿದಿರೋ, ಮೊದಲನೇ ಯುನಿಟ್‌ನಿಂದ ಪೂರ್ತಿ ಬಿಲ್ ನಿಮ್ಮದೇ. ಈ ಎರಡನೇ ಗೆರೆಯೇ ನಿಮ್ಮನ್ನು ಹೊಡೆದದ್ದು.

ಪೂರ್ತಿ ಬಿಲ್ ಹೇಗಾಯಿತು, ನೀವೇ ಪೆನ್ನು ಹಿಡಿದು ಲೆಕ್ಕ ಹಾಕಿ. 2025ರ ಏಪ್ರಿಲ್‌ನಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ರೂಪಾಯಿ ಇತ್ತು, ಮೂರಕ್ಕೆ 435. ಯುನಿಟ್‌ಗೆ 5.80ರಂತೆ 214 ಯುನಿಟ್‌ಗೆ 1,241. ಅದರ ಮೇಲೆ ಶೇ 9 ತೆರಿಗೆ, ಸುಮಾರು 112. ಇನ್ನೊಂದು ಹೊಸ ಸಾಲು, ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಶುಲ್ಕ. ಅದು ಆಗ ಯುನಿಟ್‌ಗೆ 36 ಪೈಸೆ, ಒಟ್ಟು 77 ರೂಪಾಯಿ. ಎಲ್ಲ ಸೇರಿ 1,865. ಉಳಿದ ಚಿಲ್ಲರೆ ಇಂಧನ ಹೊಂದಾಣಿಕೆಯ ಸಾಲಿನದು. ನಿಮಗೆ ಕರೆಂಟ್ ಕೊಡುವ ಕಂಪನಿ, ಅಂದರೆ ಎಸ್ಕಾಂ, ವಿದ್ಯುತ್ ಕೊಳ್ಳುವ ಖರ್ಚು ಏರಿಳಿದಂತೆ ಅದೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮೀಟರ್ ತೋರಿಸಿದ ಯುನಿಟ್‌ಗೆ ಸರಿಯಾದ ಬಿಲ್ಲೇ ಬಂದಿದೆ.

ಇದರಲ್ಲಿ ದರ ಏರಿದ್ದರ ಪಾಲು ಎಷ್ಟು? 2023ರಲ್ಲಿ 100 ಯುನಿಟ್ ದಾಟಿದ ಮನೆಗೆ ಎಲ್ಲ ಯುನಿಟ್‌ಗೂ 7 ರೂಪಾಯಿ ಇತ್ತು. ಆ ವರ್ಷದ ಜೂನ್ ಬಿಲ್ ನೋಡಿ ಜನ ಬೆಚ್ಚಿಬಿದ್ದಿದ್ದು ನಿಮಗೂ ನೆನಪಿರಬಹುದು. ಮೇ ತಿಂಗಳಲ್ಲಿ ಬಂದ ಆದೇಶ ಏಪ್ರಿಲ್‌ನಿಂದಲೇ ಜಾರಿ ಅಂತ ಆಗಿ ಹಿಂದಿನ ಬಾಕಿಯನ್ನೂ ಸೇರಿಸಿ ವಸೂಲು ಮಾಡಿದ್ದರು. 2024ರ ಏಪ್ರಿಲ್‌ನಿಂದ ಎಲ್ಲರಿಗೂ ಒಂದೇ ದರ, 5.90 ಆಯಿತು. 2025ರ ಏಪ್ರಿಲ್‌ನಿಂದ 5.80. ಯುನಿಟ್ ದರ 10 ಪೈಸೆ ಇಳಿಯಿತು, ನಿಜ. ಆದರೆ ಅದೇ ಹೊತ್ತಿಗೆ ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿತು, 36 ಪೈಸೆಯ ಸಾಲು ಹೊಸದಾಗಿ ಸೇರಿತು. ಇದೇ 214 ಯುನಿಟ್‌ಗೆ ಹಿಂದಿನ ವರ್ಷದ ದರದಲ್ಲಿ ಸುಮಾರು 1,736 ಆಗುತ್ತಿತ್ತು. ಅಂದರೆ ದರದ ಹೊರೆ 130 ರೂಪಾಯಿ. ಉಳಿದ ಹದಿನೇಳು ನೂರು ಚಿಲ್ಲರೆ, 200 ದಾಟಿ ಗೃಹಜ್ಯೋತಿ ಕಳೆದುಕೊಂಡಿದ್ದಕ್ಕೆ.

ಇದು ಕ್ರೂರ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. 199 ಯುನಿಟ್ ಓಡಿಸಿದ್ದರೆ ಮೇಲಿನ 29 ಯುನಿಟ್‌ನ ಬೆಲೆ ತೆರಿಗೆ ಸೇರಿ 200 ರೂಪಾಯಿ ದಾಟುತ್ತಿರಲಿಲ್ಲ. 201 ಆಗಿದ್ದರೆ 1,780ರ ಆಸುಪಾಸು. ಎರಡು ಯುನಿಟ್ ಅಂದರೆ ಗೀಸರ್ ಒಂದು ಗಂಟೆ ಓಡಿದಷ್ಟು. ಕೂಲಿ ಮಾಡುವ ಮನೆಯಲ್ಲಿ ಅಷ್ಟು ದುಡ್ಡು ಒಂದು ವಾರದ ದಿನಸಿ. 200ರ ಹತ್ತಿರ ಬಂದ ಮನೆಗೆ ಒಂದು ಎಸ್ಸೆಮ್ಮೆಸ್ ಆದರೂ ಮುಂಚೆ ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದು ಬರುವವರೆಗೆ ಆ ಎಚ್ಚರಿಕೆ ನಿಮ್ಮ ಗೋಡೆಯ ಕ್ಯಾಲೆಂಡರ್‌ನಿಂದಲೇ ಬರಬೇಕು. ಅದನ್ನು ಮುಂದೆ ಹೇಳುತ್ತೇನೆ.

ಈಗ ಮೀಟರ್ ಜಂಪ್ ಆಯಿತಾ ಅನ್ನುವ ಪ್ರಶ್ನೆ. ತಿಂಗಳ ಲೆಕ್ಕ ಬಿಡಿ, ದಿನದ ಲೆಕ್ಕ ನೋಡಿ. ಮಾರ್ಚ್‌ನಲ್ಲಿ ದಿನಕ್ಕೆ 5.6 ಯುನಿಟ್, ಏಪ್ರಿಲ್‌ನಲ್ಲಿ 6.9. ಜಾಸ್ತಿ ಆದದ್ದು ದಿನಕ್ಕೆ 1.3 ಯುನಿಟ್. ಈ 1.3 ಎಲ್ಲಿಂದ ಬಂತು ಅಂತ ಹುಡುಕಿದರೆ ಮುಗಿಯಿತು.

ನಿಮ್ಮ ಮೀಟರ್ ಮುಂದೆ ನಿಂತು ನೋಡಿ. ಒಂದು ಚಿಕ್ಕ ಕೆಂಪು ದೀಪ ಮಿಣಮಿಣ ಅನ್ನುತ್ತಿರುತ್ತದೆ. ಮೀಟರ್ ಮೇಲೆ ಒಂದು ಯುನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಅಂತ ಅಚ್ಚು ಹಾಕಿರುತ್ತಾರೆ. ಬಹಳ ಮೀಟರ್‌ಗಳಲ್ಲಿ 3200, ಕೆಲವದರಲ್ಲಿ ಬೇರೆ ಸಂಖ್ಯೆ. ರಾತ್ರಿ ಮನೆಯ ಎಲ್ಲವನ್ನೂ ಆರಿಸಿ, ಫ್ರಿಜ್ ಪ್ಲಗ್ಗನ್ನೂ ಹತ್ತು ನಿಮಿಷ ತೆಗೆಯಿರಿ. ಕೂಲರ್ ಒಂದನ್ನೇ ಹಾಕಿ. ದೊಡ್ಡ ಮಗನ ಕೈಗೆ ಮೊಬೈಲ್ ಗಡಿಯಾರ ಕೊಡಿ. ಒಂದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿನುಗಿತು ಅಂತ ಎಣಿಸಿ. 10 ಸಲ ಅಂತ ಇಟ್ಟುಕೊಳ್ಳಿ. ಗಂಟೆಗೆ 600. ಅದನ್ನು 3200ರಿಂದ ಭಾಗಿಸಿದರೆ 0.19 ಯುನಿಟ್. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಏಳು ಗಂಟೆ ಓಡಿದರೆ 1.3 ಯುನಿಟ್.

ನೋಡಿದಿರಾ? ಮಾಮೂಲಿ ಕೂಲರ್‌ಗಳು 180ರಿಂದ 200 ವ್ಯಾಟ್ ಎಳೆಯುತ್ತವೆ, ನಿಮ್ಮದೂ ಬಹುಶಃ ಅಷ್ಟೇ. ಎಸಿ ಜೊತೆ ಹೋಲಿಸಿದರೆ ಕಡಿಮೆ ಅನ್ನುವುದು ಸರಿ. ಏನೂ ಎಳೆಯಲ್ಲ ಅನ್ನುವುದು ತಪ್ಪು.

ಆದರೆ ಕೂಲರ್ ಆರಿಸಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಕಡೆಯ ಏಪ್ರಿಲ್ ಬಿಸಿಲು ನನಗೆ ಗೊತ್ತು. ವಯಸ್ಸಾದವರು ರಾತ್ರಿಯಿಡೀ ಬೆವರಿ ನಿದ್ದೆಗೆಟ್ಟರೆ ಆಸ್ಪತ್ರೆ ಖರ್ಚು ಕರೆಂಟ್ ಬಿಲ್ಲನ್ನು ಮೀರುತ್ತದೆ. ಕೂಲರ್ ಇರಲಿ. ಅದು ತಿನ್ನುವ 1.3 ಯುನಿಟ್ಟನ್ನು ಬೇರೆ ಕಡೆ ಉಳಿಸೋಣ.

ಅದು ಗೀಸರ್‌ನಲ್ಲಿದೆ. ಬೆಳಗ್ಗೆ ಐದಕ್ಕೆ ಹಾಕಿ ಎಂಟಕ್ಕೆ ಆರಿಸುತ್ತೇವೆ ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಒಂದು ಲೆಕ್ಕ ನೆನಪಿಟ್ಟುಕೊಳ್ಳಿ. ಒಂದು ಯುನಿಟ್ ಕರೆಂಟ್ 86 ಲೀಟರ್ ನೀರನ್ನು 10 ಡಿಗ್ರಿ ಬಿಸಿ ಮಾಡುತ್ತದೆ, ಅಷ್ಟೇ. ಯಾವ ಕಂಪನಿಯ ಗೀಸರ್ ಆದರೂ ಇದಕ್ಕಿಂತ ಜಾಸ್ತಿ ಮಾಡಲಾರದು. 15 ಲೀಟರ್‌ನ ಒಂದು ಬಕೆಟ್ ನೀರನ್ನು 15 ಡಿಗ್ರಿ ಏರಿಸಲು ಕಾಲು ಯುನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ಐದು ಜನಕ್ಕೆ ಐದು ಬಕೆಟ್, ದಿನಕ್ಕೆ 1.3 ಯುನಿಟ್. ಕೂಲರ್ ತಿನ್ನುವಷ್ಟೇ! ಅದೂ ಅಲ್ಲದೆ ಮೂರು ಗಂಟೆ ಸ್ವಿಚ್ ಹಾಕಿಯೇ ಬಿಟ್ಟರೆ ನೀರು ಆರುತ್ತಾ, ಮತ್ತೆ ಕಾಯುತ್ತಾ ಇನ್ನಷ್ಟು ಹೋಗುತ್ತದೆ.

ಬೇಸಿಗೆಯಲ್ಲಿ ನಿಮ್ಮ ಮಾಳಿಗೆಯ ಸಿಂಟೆಕ್ಸ್ ಟ್ಯಾಂಕ್ ಒಂದು ಹಂಡೆ ಇದ್ದ ಹಾಗೆ. ಸಂಜೆ ಐದಕ್ಕೆ ನಲ್ಲಿ ತಿರುಗಿಸಿದರೆ ಕೈ ಚುರ್ ಅನ್ನುವ ನೀರು ಬರುತ್ತದೆ, ಅಲ್ವಾ? ಮಾರ್ಚ್‌ನಿಂದ ಮೇವರೆಗೆ ನೀವು, ಯಜಮಾನರು, ಮಕ್ಕಳು ಗೀಸರ್ ಮುಟ್ಟಬೇಡಿ. ಸಂಜೆಯ ಸ್ನಾನ ಮಾಡಿ, ಇಲ್ಲವೇ ಬೆಳಗಿನ ನೀರಲ್ಲೇ ಮಾಡಿ. ಅತ್ತೆಯವರಿಗೆ ಬೆಚ್ಚಗಿನ ನೀರು ಬೇಕೇ ಬೇಕು ಅಂದರೆ ಒಂದು ಬಕೆಟ್‌ಗೆ ಕಾಲು ಯುನಿಟ್ ಹೋಗಲಿ. ಮೈಗೆ ಎಷ್ಟು ಬಿಸಿ ಬೇಕೋ ಅಷ್ಟೇ ಕಾಯಿಸಿ. ಕುದಿಕುದಿ ಕಾಯಿಸಿ ಆಮೇಲೆ ತಣ್ಣೀರು ಬೆರೆಸಿದರೆ ಗೀಸರ್ ಮೈಯಿಂದಲೇ ಶಾಖ ಸುಮ್ನೆ ಹೊರಗೆ ಹೋಗುತ್ತದೆ. ಇದೊಂದೇ ಬದಲಾವಣೆಯಿಂದ ನೀವು ಹೆಚ್ಚುಕಡಿಮೆ ಮಾರ್ಚ್ ಲೆಕ್ಕಕ್ಕೆ ಬರುತ್ತೀರಿ.

ಇನ್ನೂ ಉಳಿಸಬೇಕು ಅಂದರೆ ಫ್ಯಾನ್ ಕಡೆ ನೋಡಿ. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತದೆ. ಮೂರು ಫ್ಯಾನ್ ಹನ್ನೆರಡು ಗಂಟೆ ಓಡಿದರೆ ದಿನಕ್ಕೆ 2.7 ಯುನಿಟ್. ಅಂದರೆ ನಿಮ್ಮ ಮನೆಯ ಕರೆಂಟಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ! ಹೊಸ ಬಗೆಯ ಮೋಟರ್ ಇರುವ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್‌ನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಆದರೆ ಒಂದಕ್ಕೆ ಎರಡೂವರೆಯಿಂದ ಮೂರು ಸಾವಿರ ಬೀಳುತ್ತದೆ. ಸೊನ್ನೆ ಬಿಲ್ ಬರುವ ಮನೆಯವರು ಸಾಲ ಮಾಡಿ ಮೂರೂ ಫ್ಯಾನ್ ಬದಲಾಯಿಸಬೇಕಾಗಿಲ್ಲ. ಎಲ್ಲಕ್ಕಿಂತ ಜಾಸ್ತಿ ಹೊತ್ತು ಓಡುವ ಒಂದನ್ನು ಮಾತ್ರ, ದುಡ್ಡು ಕೂಡಿದಾಗ ಬದಲಾಯಿಸಿ. ಕೂಲರ್ ಇರುವ ಕೋಣೆಯಲ್ಲಿ ಕಿಟಕಿ ಒಂದಿಷ್ಟು ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಕೂಲರ್ ಬರೀ ತೇವ ತುಂಬುತ್ತದೆ, ತಂಪಾಗುವುದಿಲ್ಲ. ಆಮೇಲೆ ಫ್ಯಾನನ್ನೂ ಹಾಕಬೇಕಾಗುತ್ತದೆ. ಟಿವಿಯ ಸೆಟ್‌ಟಾಪ್ ಬಾಕ್ಸ್ ರಿಮೋಟ್‌ನಲ್ಲಿ ಆರಿಸಿದರೆ ಆರಿದ ಹಾಗಲ್ಲ. ಗೋಡೆಯ ಸ್ವಿಚ್ಚೇ ಆರಿಸಿ, ತಿಂಗಳಿಗೆ ಐದಾರು ಯುನಿಟ್ ಉಳಿಯುತ್ತದೆ.

ಬಾಡಿಗೆ ಮನೆ ಅಂದಿರಿ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಹಿಂದೊಮ್ಮೆ ಒಂದು ವಠಾರಕ್ಕೆ ಹೋಗಿದ್ದೆ. ನಾಲ್ಕು ಮನೆ, ನಾಲ್ಕು ಮೀಟರ್. ಮೂರನೇ ಮನೆಯಲ್ಲಿ ಹೊಲಿಗೆ ಮಾಡಿ ಜೀವನ ಸಾಗಿಸುತ್ತಿದ್ದ ಒಬ್ಬ ಹೆಣ್ಣುಮಗಳು ಒಬ್ಬರೇ ಇದ್ದರು. ಬಿಲ್ ಏರುತ್ತಲೇ ಇದೆ ಅಂತ ಫ್ರಿಜ್ ಬಂದ್ ಮಾಡಿದ್ದರು, ಇಸ್ತ್ರಿ ಬಿಟ್ಟಿದ್ದರು, ಮೋಟರ್ ಮಿಷನ್ ಬಿಟ್ಟು ಕಾಲಲ್ಲಿ ತುಳಿಯುತ್ತಿದ್ದರು. ಆದರೂ ಯುನಿಟ್ ಇಳಿದಿರಲಿಲ್ಲ. ನಾನು ಅವರ ಮನೆಯ ಮೇನ್ ಸ್ವಿಚ್ ಆರಿಸಿ ಮೀಟರ್ ಮುಂದೆ ನಿಂತೆ. ಕೆಂಪು ದೀಪ ಮಿನುಗುತ್ತಲೇ ಇತ್ತು, ಅದೂ ಒಂದೇ ಸಮನೆ. ಕಿವಿಗೊಟ್ಟು ಕೇಳಿದರೆ ಹಿತ್ತಲಲ್ಲಿ ಸಂಪ್‌ನ ಮೋಟರ್ ಗುಂಯ್ ಅನ್ನುತ್ತಿತ್ತು. ನಾಲ್ಕೂ ಮನೆಗೆ ನೀರೆತ್ತುವ ಒಂದು ಎಚ್‌ಪಿ ಮೋಟರಿನ ವೈರನ್ನು ಅವರ ಮೀಟರ್‌ನಿಂದ, ಮೇನ್ ಸ್ವಿಚ್‌ಗೂ ಮೊದಲೇ ಎಳೆದಿದ್ದರು. ಅಂಥ ಮೋಟರ್ ಗಂಟೆಗೆ ಸುಮಾರು ಒಂದು ಯುನಿಟ್ ತಿನ್ನುತ್ತದೆ. ದಿನಕ್ಕೆ ಎರಡೂವರೆ ಗಂಟೆ ಓಡಿದರೂ ತಿಂಗಳಿಗೆ 75 ಯುನಿಟ್. ಎಷ್ಟು ಕಾಲದಿಂದ ಕಟ್ಟಿದ್ದರೋ ಪಾಪ. ಆ ಮಿಷನ್ ತುಳಿಯುತ್ತಿದ್ದ ಕಾಲುಗಳು ನನಗೆ ಇವತ್ತಿಗೂ ಕಣ್ಮುಂದೆ ಬರುತ್ತವೆ.

ಹಾಗಾಗಿ ನೀವೂ ಈ ಪರೀಕ್ಷೆ ಮಾಡಿ. ಮೇನ್ ಸ್ವಿಚ್ ಆರಿಸಿ, ದೀಪ ನೋಡಿ. ಐದು ನಿಮಿಷ ನಿಂತರೂ ಮಿನುಗದಿದ್ದರೆ ಒಳ್ಳೆಯದು. ಯಾರಾದರೂ ಮೋಟರ್ ಹಾಕಿದ ಹೊತ್ತಿನಲ್ಲಿ, ಮೆಟ್ಟಿಲ ಲೈಟ್ ಹಾಕಿದ ಹೊತ್ತಿನಲ್ಲಿ ಮತ್ತೊಮ್ಮೆ ನೋಡಿ. ಮಿನುಗಿದರೆ ಆ ಹೊರೆ ನಿಮ್ಮ ಮೀಟರ್ ಮೇಲಿದೆ. ಮೊಬೈಲ್‌ನಲ್ಲಿ ವಿಡಿಯೊ ಮಾಡಿ ಓನರ್‌ಗೆ ತೋರಿಸಿ. ಜಗಳ ಬೇಕಾಗಿಲ್ಲ, ವಿಡಿಯೊ ಸಾಕು.

ಇನ್ನೊಂದು ಸಾಧ್ಯತೆ ಇದೆ. ಮೇನ್ ಹಾಕಿದ್ದೀರಿ, ಒಳಗಿನ ಎಲ್ಲ ಸ್ವಿಚ್ ಆರಿಸಿ ಪ್ಲಗ್ ತೆಗೆದಿದ್ದೀರಿ, ಆದರೂ ದೀಪ ಮಿನುಗುತ್ತಿದೆ. ಆಗ ವೈರಿಂಗ್‌ನಲ್ಲಿ ಸೋರಿಕೆ ಇರಬಹುದು, ಇಲ್ಲವೇ ಪಕ್ಕದ ಮನೆಯ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ನಿಮ್ಮದರ ಜೊತೆ ಬೆರೆತಿರಬಹುದು. ಈಗಿನ ಮೀಟರ್‌ಗಳಲ್ಲಿ ಬಹಳಷ್ಟು, ಕರೆಂಟ್ ಕಳ್ಳತನ ತಡೆಯಲು, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಅಳೆಯುತ್ತವೆ. ಯಾವುದರಲ್ಲಿ ಜಾಸ್ತಿ ಹರಿಯುತ್ತದೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಹಾಗಾಗಿ ನೀವು ಬಳಸದ ಕರೆಂಟೂ ನಿಮ್ಮ ಲೆಕ್ಕಕ್ಕೆ ಬೀಳಬಹುದು. ಇದು ಮೀಟರಿನ ತಪ್ಪಲ್ಲ, ವೈರಿಂಗಿನದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ನಲ್ಲಿ ಮುಟ್ಟಿದಾಗ, ಫ್ರಿಜ್ ಮುಟ್ಟಿದಾಗ ಜುಂ ಅನ್ನುವುದಿದ್ದರೆ ನಾಳೆಗೆ ಬಿಡಬೇಡಿ. ಅದು ಬಿಲ್ಲಿನ ಮಾತಲ್ಲ, ಜೀವದ ಮಾತು. ಕರೆಂಟ್ ಸೋರಿದರೆ ತಾನೇ ಆರುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿಕೊಡಿ ಅಂತ ಓನರ್ ಹತ್ತಿರ ಪಟ್ಟು ಹಿಡಿದು ಕೇಳಿ.

ಇಷ್ಟೆಲ್ಲ ನೋಡಿದ ಮೇಲೂ ಲೆಕ್ಕ ಕೂಡದಿದ್ದರೆ ಆಗ ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ. ನಿಮ್ಮ ಎಸ್ಕಾಂನ ಉಪವಿಭಾಗದ ಕಚೇರಿಯಲ್ಲಿ ಶುಲ್ಕ ಕಟ್ಟಿ ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಕೌಂಟರ್‌ನಲ್ಲಿ ಬಾಯಲ್ಲಿ ಹೇಳಿ ಬಂದ ದೂರಿಗೆ ದಾಖಲೆ ಇರುವುದಿಲ್ಲ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ವಕೀಲರು ಬೇಕಾಗಿಲ್ಲ.

ಬಿಲ್ ಕಟ್ಟುವ ವಿಷಯ. ನಿಮ್ಮ ಲೆಕ್ಕ ಸರಿ ಇರುವುದರಿಂದ ಕಟ್ಟಲೇಬೇಕು. ಒಂದೇ ಸಲ ಆಗದಿದ್ದರೆ ಕೊನೆಯ ದಿನಾಂಕಕ್ಕೆ ಮೊದಲೇ ಕಚೇರಿಗೆ ಹೋಗಿ ಕಂತು ಕೇಳಿ. ಬಾಕಿ ಉಳಿಯಿತು ಅಂತ ಮರುದಿನವೇ ಕರೆಂಟ್ ಕಡಿಯುವಂತಿಲ್ಲ. 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಲಿಖಿತ ನೋಟಿಸ್ ಕೊಟ್ಟು 15 ಪೂರ್ತಿ ದಿನ ಕಾಯಬೇಕು. ಬಿಲ್ಲೇ ತಪ್ಪು ಅಂತ ತಕರಾರು ಇರುವವರು ಆಕ್ಷೇಪಣೆ ಬರೆದುಕೊಟ್ಟು, ಅದನ್ನು ನಮೂದಿಸಿಯೇ ದುಡ್ಡು ಕಟ್ಟಬಹುದು. ಹೆದರಿ ಬಡ್ಡಿಗೆ ದುಡ್ಡು ತರಬೇಡಿ.

ಹೆಚ್ಚುವರಿ ಠೇವಣಿ ಅಂತ ಬೇರೆ ಚೀಟಿ ಬಂದರೂ ಗಾಬರಿ ಬೇಡ. ಬಳಕೆ ಏರಿದಾಗ ಎರಡು ತಿಂಗಳ ಬಿಲ್ಲಿನಷ್ಟು ಭದ್ರತಾ ಠೇವಣಿ ಇರಬೇಕು ಅಂತ ಕೇಳುತ್ತಾರೆ. ಅದು ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆಯೋ ಅವರ ದುಡ್ಡಾಗಿ ಉಳಿಯುತ್ತದೆ, ಅದಕ್ಕೆ ಬಡ್ಡಿಯೂ ಸಿಗುತ್ತದೆ. ಹಾಗಾಗಿ ಅದನ್ನು ಓನರ್ ಕಟ್ಟುವುದೇ ನ್ಯಾಯ. ನೀವೇ ಕಟ್ಟಿದರೆ ರಸೀದಿ ಇಟ್ಟುಕೊಂಡು ಮನೆ ಬಿಡುವಾಗ ಕೇಳಿ. ಮನೆ ಬದಲಾಯಿಸುವಾಗ ಗೃಹಜ್ಯೋತಿಯನ್ನು ಹಳೆಯ ಮನೆಯಿಂದ ಡಿ-ಲಿಂಕ್ ಮಾಡಿಸುವುದನ್ನೂ ಮರೆಯಬೇಡಿ.

ಇಂಡಕ್ಷನ್ ಒಲೆ ಈಗ ಬೇಡ. ಲೆಕ್ಕ ಹೀಗಿದೆ. 2025ರ ಏಪ್ರಿಲ್ 8ರಂದು ಸಿಲಿಂಡರ್‌ಗೆ 50 ರೂಪಾಯಿ ಏರಿ ಬೆಂಗಳೂರಿನಲ್ಲಿ 855.50 ಆಯಿತು. 14.2 ಕಿಲೋ ಗ್ಯಾಸಿನಲ್ಲಿ ಸುಮಾರು 180 ಯುನಿಟ್‌ನಷ್ಟು ಶಾಖ ಇದೆ. ಮಾಮೂಲಿ ಒಲೆಯಲ್ಲಿ ಅದರ ಶೇ 60ರಷ್ಟು ಪಾತ್ರೆಗೆ ಸೇರುತ್ತದೆ. ಅಷ್ಟೇ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಲು 125 ಯುನಿಟ್ ಮೇಲೆ ಬೇಕು. 2025ರ ಏಪ್ರಿಲ್ ದರದಂತೆ ಯುನಿಟ್‌ಗೆ ತೆರಿಗೆ, ಶುಲ್ಕ ಸೇರಿ 6.70 ಹಿಡಿದರೆ ಅದೂ 850ರ ಹತ್ತಿರವೇ. ಉಳಿತಾಯ ಏನೂ ಇಲ್ಲ. ಮೇಲಾಗಿ ಒಂದು ಸಿಲಿಂಡರ್ ಒಂದೂವರೆ ತಿಂಗಳು ಬರುತ್ತದೆ ಅಂತ ಹಿಡಿದು ತಿಂಗಳಿಗೆ ಎಂಬತ್ತು ಯುನಿಟ್ ಸೇರಿದರೆ ನೀವು ಚಳಿಗಾಲದಲ್ಲೂ 200 ದಾಟುತ್ತೀರಿ.

ಇನ್ನು ಕ್ಯಾಲೆಂಡರ್. ಪ್ರತಿ ಭಾನುವಾರ ಬೆಳಗ್ಗೆ ಮೀಟರ್ ನೋಡಿ. ಪರದೆಯ ಮೇಲೆ ಒಂದಾದ ಮೇಲೊಂದು ಸಂಖ್ಯೆ ಬರುತ್ತವೆ. ಪಕ್ಕದಲ್ಲಿ ಕೆಡಬ್ಲ್ಯುಎಚ್ ಅನ್ನುವ ಇಂಗ್ಲಿಷ್ ಅಕ್ಷರ ಇರುವ ಸಂಖ್ಯೆಯನ್ನು ಆ ದಿನದ ಚೌಕದಲ್ಲಿ ಬರೆಯಿರಿ. ಈ ಕೆಲಸ ಮಕ್ಕಳಿಗೆ ಕೊಡಿ, ಖುಷಿಯಿಂದ ಮಾಡುತ್ತಾರೆ. ವಾರಕ್ಕೆ 38 ಯುನಿಟ್ ಒಳಗಿದ್ದರೆ ಬಿಲ್ ಸೊನ್ನೆ. 44 ದಾಟಿದರೆ 200ರ ಗೆರೆ ಹತ್ತಿರ ಬಂತು, ಉಳಿದ ವಾರಗಳಲ್ಲಿ ಕೈ ಬಿಗಿ ಮಾಡಬೇಕು. ಮೀಟರ್ ರೀಡರ್ ಬಂದ ದಿನಕ್ಕೆ ಒಂದು ಸುತ್ತು ಹಾಕಿ, ಅಲ್ಲಿಂದ ಹೊಸ ಲೆಕ್ಕ ಶುರು. ಅವರು ಬರೆದುಕೊಂಡ ಸಂಖ್ಯೆಯೂ ಮೀಟರ್ ತೋರಿಸುವ ಸಂಖ್ಯೆಯೂ ಒಂದೇನಾ ಅಂತ ಅವರು ನಿಂತಿರುವಾಗಲೇ ನೋಡಿ.

ಮೂರು ಭಾನುವಾರದ ಸಂಖ್ಯೆ, ಕೂಲರ್ ಮತ್ತು ಫ್ರಿಜ್ ಒಂದೊಂದನ್ನೇ ಹಾಕಿ ಎಣಿಸಿದ ಮಿನುಗು, ಮೇನ್ ಆರಿಸಿದಾಗ ದೀಪ ಏನು ಮಾಡಿತು ಅನ್ನುವುದು, ಇಷ್ಟನ್ನು ಬರೆದು ಕಳಿಸಿ. ಫ್ರಿಜ್ ಬಗ್ಗೆ ನನಗೆ ಸಣ್ಣ ಅನುಮಾನ ಇದೆ. ಹದಿನಾಲ್ಕು ವರ್ಷದ್ದು ಅಂದಿದ್ದೀರಿ. ಬಾಗಿಲಿನ ರಬ್ಬರ್‌ಗೆ ಒಂದು ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲ ಆಗಿದೆ, ಮೆಕ್ಯಾನಿಕ್ ಕರೆಸಿ ಅದನ್ನು ಬದಲಾಯಿಸಿ.